ಕರಿಕಲ್ಲಿನ ನಡುವೆ ಸಿಕ್ಕಿದ ಕಡಲು

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ಆ ನೆಲದ ಒಳಗು ಗೊತ್ತು. ಮೊದಲು ಕೆಮ್ಮಣ್ಣು, ಆಮೇಲೆ ಗರಸು, ಅದರ ಕೆಳಗೆ ಬೂದು ಬಣ್ಣದ ಗಟ್ಟಿ ಕಲ್ಲು. ಕೊಳವೆಯಿಂದ ಚಿಮ್ಮುವ ಬಿಳಿ ದೂಳನ್ನು ಎಷ್ಟು ಜಾಲಾಡಿದರೂ ಒಂದೇ ಒಂದು ಚಿಪ್ಪು ಸಿಗುವುದಿಲ್ಲ. ಆ ಕಲ್ಲಿಗೆ ಭೂವಿಜ್ಞಾನಿಗಳು ನೈಸ್ ಎನ್ನುತ್ತಾರೆ. ಅದರ ವಯಸ್ಸು ಹೆಚ್ಚುಕಡಿಮೆ 300 ಕೋಟಿ ವರ್ಷ. ಗಟ್ಟಿ ಚಿಪ್ಪು ಕಟ್ಟಿಕೊಳ್ಳುವ ಪ್ರಾಣಿಗಳು ಸಮುದ್ರದಲ್ಲಿ ಹುಟ್ಟಿಕೊಂಡದ್ದು ಸುಮಾರು 55 ಕೋಟಿ ವರ್ಷಗಳ ಹಿಂದೆ. ಪಕ್ಕದ ಚಾಮುಂಡಿ ಬೆಟ್ಟದ ಗ್ರಾನೈಟು ನೈಸ್‌ಗಿಂತ ಎಷ್ಟೋ ಎಳೆಯದು, ಆದರೂ ಸುಮಾರು 80 ಕೋಟಿ ವರ್ಷ ಹಳೆಯದು. ಮೇಲಾಗಿ ಅದು ಕರಗಿದ ಶಿಲೆ ಆರಿ ಗಟ್ಟಿಯಾದ ಕಲ್ಲು, ಅದರಲ್ಲಿ ಜೀವಿಯ ಗುರುತು ಉಳಿಯುವ ಮಾತೇ ಇಲ್ಲ. ಹಳೆಯ ಮೈಸೂರು ಸೀಮೆಯ ನೆಲ ಕೋಲಾರದ ಚಿನ್ನ ಕೊಟ್ಟಿತು, ಬಾಬಾಬುಡನ್‌ಗಿರಿಯ ಕಬ್ಬಿಣ ಕೊಟ್ಟಿತು. ಚಿಪ್ಪುಜೀವಿಗಳ ಪಳೆಯುಳಿಕೆಯನ್ನು ಮಾತ್ರ ಕೊಡಲಿಲ್ಲ.

ಇಂಥ ಸೀಮೆಯ ವಿಶ್ವವಿದ್ಯಾನಿಲಯದಲ್ಲಿದ್ದ ಕೆಲವರು 1930ರ ದಶಕದಲ್ಲಿ ಬರಿಗಣ್ಣಿಗೆ ಕಾಣದ ಸಮುದ್ರಚಿಪ್ಪುಗಳನ್ನು ಹಿಡಿದುಕೊಂಡು ಒಂದು ಭಾರಿ ಪ್ರಶ್ನೆಗೆ ಕೈಹಾಕಿದರು. ಉತ್ತರ ಕರ್ನಾಟಕದಿಂದ ಗುಜರಾತಿನವರೆಗೆ ಹಾಸಿರುವ ಕರಿಕಲ್ಲಿನ ಲಾವಾ ಉಕ್ಕಿದ್ದು ಯಾವಾಗ? ಡೈನೋಸಾರುಗಳು ಬದುಕಿದ್ದಾಗಲೋ, ಅವು ಅಳಿದ ಮೇಲೋ? ಅವರು ಹಾಕಿದ ಪ್ರಶ್ನೆಯ ಜಾಡಿನಲ್ಲೇ ಮುಕ್ಕಾಲು ಶತಮಾನ ಕಳೆದ ಮೇಲೆ ಗುಂಬೆಲಿಟ್ರಿಯಾ ಎಂಬ ಅತಿ ಸಣ್ಣ ಜೀವಿ ಮುಖ್ಯ ಸಾಕ್ಷಿಯಾಗಿ ಬಂದು ನಿಂತಿತು. ನಮ್ಮಲ್ಲಿ ಈ ಕತೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗೊತ್ತಾಗಲೇಬೇಕಾದ ಕತೆ ಇದು.

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. ಕಲಾ ವಿಭಾಗಗಳು ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದವು. ವಿಜ್ಞಾನ ವಿಭಾಗಗಳು, ಅವುಗಳ ಜೊತೆಗೆ ಭೂವಿಜ್ಞಾನವೂ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದವು. ಅಲ್ಲಿ ಪ್ರಾಧ್ಯಾಪಕರಾಗಿದ್ದವರು ಎಲ್. ರಾಮರಾವ್. ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಅದೇ ಕಾಲಕ್ಕೆ ಬಿ. ರಾಮರಾವ್ ಎಂಬ ಇನ್ನೊಬ್ಬರು ದೊಡ್ಡ ಹೆಸರು ಮಾಡಿದ್ದರು. ಇಬ್ಬರನ್ನೂ ಒಬ್ಬರೇ ಎಂದುಕೊಳ್ಳುವವರು ಈಗಲೂ ಇದ್ದಾರೆ. ಬಿ. ರಾಮರಾಯರದು ಮೈಸೂರಿನ ಪುರಾತನ ಶಿಲೆಗಳ ಕೆಲಸ. ಎಲ್. ರಾಮರಾಯರ ಮನಸ್ಸು ಹರಿದದ್ದು ಎಳೆಯ ಕಲ್ಲುಗಳ ಕಡೆಗೆ, ಅವುಗಳೊಳಗಿನ ಜೀವಿಗಳ ಕಡೆಗೆ. ಸಂಸ್ಥಾನದ ಗಡಿಯೊಳಗೆ ಅಂಥ ಕಲ್ಲು ಇಲ್ಲದ್ದರಿಂದ ಅವರೂ ಅವರ ಸಂಗಡಿಗರೂ ತಮಿಳುನಾಡಿನ ತಿರುಚಿರಾಪಳ್ಳಿ ಸೀಮೆಗೆ, ಆಂಧ್ರದ ರಾಜಮಂಡ್ರಿಗೆ ಕಣ್ಣು ಹಾಯಿಸಿದರು. ತಿರುಚಿರಾಪಳ್ಳಿಯ ನಿನಿಯೂರು ಪದರಗಳಲ್ಲಿ ಸಿಕ್ಕ ಸುಣ್ಣಪಾಚಿಗಳ ಬಗ್ಗೆ ರಾಮರಾಯರು ವಿಯೆನ್ನಾದ ಯೂಲಿಯಸ್ ಪಿಯಾ ಜೊತೆಗೂಡಿ 1936ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸೆಂಟ್ರಲ್ ಕಾಲೇಜಿನ ಒಂದು ಕೊಠಡಿಗೂ ವಿಯೆನ್ನಾಕ್ಕೂ ನಡುವೆ ಹಡಗಿನ ಅಂಚೆಯಲ್ಲಿ ಕಲ್ಲಿನ ಮಾತು ನಡೆಯುತ್ತಿದ್ದ ಕಾಲ ಅದು.

ರಾಜಮಂಡ್ರಿಯ ವಿಷಯ ಇನ್ನೂ ಕುತೂಹಲದ್ದು. ದಖನ್ ಲಾವಾದ ಮುಖ್ಯ ಹಾಸು ಇರುವುದು ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ. ಇವತ್ತು ಉಳಿದಿರುವುದೇ ಸುಮಾರು ಐದು ಲಕ್ಷ ಚದರ ಕಿಲೋಮೀಟರ್. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಅದರ ತೆಂಕಣ ಅಂಚು. ಗೋಲಗುಮ್ಮಟದ ಗೋಡೆಗಳದೂ ಅದೇ ಕರಿಕಲ್ಲು. ಅಲ್ಲಿನ ಎರೆಭೂಮಿಯೂ ಅದೇ ಕಲ್ಲು ಸವೆದು ಆದದ್ದು. ಈ ಹಾಸಿನಿಂದ ದೂರ, ಗೋದಾವರಿ ಬಯಲಿಗಿಳಿಯುವ ರಾಜಮಂಡ್ರಿಯ ಸುತ್ತಮುತ್ತ, ಕಾಟೇರು, ಪಂಗಿಡಿ, ಗೌರಿಪಟ್ನಂ, ದುದ್ದುಕೂರು ಊರುಗಳ ಬಳಿ, ಅದೇ ಜಾತಿಯ ಕರಿಕಲ್ಲಿನ ಒಂದು ಸಣ್ಣ ತುಂಡಿದೆ. ಎರಡು ಲಾವಾ ಹರಿವುಗಳ ನಡುವೆ ಸುಣ್ಣಕಲ್ಲಿನ ತೆಳು ಪದರವೊಂದು ಸಿಕ್ಕಿಕೊಂಡಿದೆ. ಒಂದು ಲಾವಾ ಹರಿದು ಆರಿ, ಅದರ ಮೇಲೆ ನೀರು ನಿಂತು ಜೀವಿಗಳು ಬದುಕಿ ಸತ್ತು, ಆಮೇಲೆ ಎರಡನೆಯ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಮಧ್ಯ ಭಾರತದಲ್ಲಿ ಇಂಥ ಅಂತರ್‌ಪದರಗಳು ಬಹಳ ಇವೆ, ಆದರೆ ಅವು ಬಹುಪಾಲು ಕೆರೆಗಳ ಕೆಸರು. ರಾಜಮಂಡ್ರಿಯದು ಕಡಲಂಚಿನದು. ಅದರಲ್ಲಿ ಸಮುದ್ರದ ಚಿಪ್ಪುಗಳಿವೆ ಎಂದು ನಾಗಪುರದ ಪಾದ್ರಿ ಸ್ಟೀಫನ್ ಹಿಸ್ಲಾಪ್ 1860ರಷ್ಟು ಹಿಂದೆಯೇ ಬರೆದಿದ್ದರು.

ಕಡಲಂಚಿನದಾದರೆ ಏನು ಲಾಭ? ಕೆರೆಯ ಬಸವನಹುಳು ಆ ಕೆರೆಯ ಮಟ್ಟಿಗೆ. ಸಮುದ್ರದಲ್ಲಿ ತೇಲುವ ಜೀವಿ ಒಂದೇ ಕಾಲಕ್ಕೆ ಲೋಕದ ತುಂಬ ಹರಡಿರುತ್ತದೆ. ಅದರ ಚಿಪ್ಪು ಇಟಲಿಯ ಕಲ್ಲಿನಲ್ಲೂ ಆಂಧ್ರದ ಕಲ್ಲಿನಲ್ಲೂ ಸಿಕ್ಕರೆ ಎರಡೂ ಕಲ್ಲು ಒಂದೇ ಕಾಲದವು ಎಂದು ಹೇಳಬಹುದು. ವಿಕಿರಣದ ಲೆಕ್ಕದಿಂದ ಕಲ್ಲಿನ ವಯಸ್ಸು ಹೇಳುವ ವಿಧಾನಗಳು ಆಗಿನ್ನೂ ವ್ಯಾಪಕ ಬಳಕೆಗೆ ಬಂದಿರಲಿಲ್ಲ. ಚಿಪ್ಪುಗಳೇ ಗಡಿಯಾರ.

ಆಗ ಪಂಡಿತರಲ್ಲಿ ಎರಡು ಪಂಗಡವಿತ್ತು. ದಖನ್ ಲಾವಾ ಕ್ರಿಟೇಶಿಯಸ್ ಯುಗದ್ದು, ಅಂದರೆ ಡೈನೋಸಾರುಗಳ ಕೊನೆಯ ಯುಗದ್ದು ಎಂಬುದು ಹಳೆಯ ಅಭಿಪ್ರಾಯ. ಲಖನೌದ ಬೀರಬಲ್ ಸಾಹ್ನಿ ಅಂತರ್‌ಪದರಗಳ ಗಿಡಮರಗಳ ಪಳೆಯುಳಿಕೆ ನೋಡಿ, ಅದು ಮುಂದಿನ ಟರ್ಷಿಯರಿ ಯುಗದ್ದು ಎಂದು ವಾದಿಸಿದರು. 1934ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದೇ ಪ್ರಶ್ನೆಯನ್ನು ತಲೆಬರಹವಾಗಿಟ್ಟು ಲೇಖನ ಬರೆದರು. ರಾಮರಾಯರ ಬಳಗ ಈ ಜಗಳಕ್ಕೆ ಸಮುದ್ರದ ಸಾಕ್ಷಿ ತರಲು ಹೊರಟಿತು. ಎಸ್.ಆರ್. ನಾರಾಯಣರಾವ್ ಮತ್ತು ಕೆ. ಶ್ರೀಪಾದರಾವ್ ರಾಜಮಂಡ್ರಿಯ ಪದರಗಳಲ್ಲಿನ ಫೊರಾಮಿನಿಫೆರ ಎಂಬ ಸೂಕ್ಷ್ಮ ಚಿಪ್ಪುಜೀವಿಗಳ ಬಗ್ಗೆ 1937ರಲ್ಲಿ, ಸುಣ್ಣ ಮೆತ್ತಿದ ಕೇರೋಫೈಟ್ ಪಾಚಿಗಳ ಕಾಯಿಗಳ ಬಗ್ಗೆ 1939ರಲ್ಲಿ ಪ್ರಕಟಿಸಿದರು.

ಗಟ್ಟಿ ಸುಣ್ಣಕಲ್ಲಿನೊಳಗಿನ ಸೂಕ್ಷ್ಮ ಚಿಪ್ಪನ್ನು ಆಗ ನೋಡುತ್ತಿದ್ದ ರೀತಿಯನ್ನು ಇಲ್ಲಿ ಹೇಳಬೇಕು. ಸುತ್ತಿಗೆಯಿಂದ ಒಡೆದ ಒಂದು ಚಕ್ಕೆಯನ್ನು ತೆಗೆದುಕೊಂಡು, ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಮ್ ಪುಡಿ ಮತ್ತು ನೀರು ಹಾಕಿ ಒಂದು ಮೈಯನ್ನು ನುಣ್ಣಗೆ ಅರೆಯುತ್ತಿದ್ದರು. ಆ ಮೈಯನ್ನು ಬಿಸಿ ಮಾಡಿದ ಕೆನಡಾ ಬಾಲ್ಸಮ್ ಅಂಟಿನಿಂದ ಗಾಜಿನ ಪಟ್ಟಿಗೆ ಕೂರಿಸಿ, ಆಮೇಲೆ ಇನ್ನೊಂದು ಮೈಯನ್ನು ಅರೆಯಲು ಶುರು. ಪುಡಿ ಒರಟಿನಿಂದ ನಯಕ್ಕೆ ಬದಲಾಗುತ್ತ ಹೋಗುತ್ತದೆ, ಬೆರಳಿನ ಒತ್ತಡ ಹಗುರವಾಗುತ್ತ ಹೋಗುತ್ತದೆ. ಕಲ್ಲು 0.03 ಮಿಲಿಮೀಟರ್ ದಪ್ಪಕ್ಕೆ ಇಳಿದಾಗ ಬೆಳಕು ಅದನ್ನು ದಾಟಿ ಬರುತ್ತದೆ. ಕೆಳಗಿಟ್ಟ ಕಾಗದದ ಅಕ್ಷರವೂ ಕಾಣುತ್ತದೆ. ಇನ್ನೆರಡು ಸುತ್ತು ಹೆಚ್ಚು ಅರೆದರೆ ಕೋಟ್ಯಂತರ ವರ್ಷ ಉಳಿದುಬಂದ ಚಿಪ್ಪು ಕೆಸರಾಗಿ ಹರಿದುಹೋಗುತ್ತದೆ. ಸರಿಯಾದ ಗಳಿಗೆಯಲ್ಲಿ ಕೈ ನಿಂತರೆ, ಸೂಕ್ಷ್ಮದರ್ಶಕದಡಿ ಚಿಪ್ಪಿನ ಕೋಣೆಗಳು ಅಡ್ಡಕೊಯ್ತದಲ್ಲಿ ಒಂದರ ಪಕ್ಕ ಒಂದು ಕಾಣುತ್ತವೆ. ಈ ಕೊಯ್ತದ ಆಕಾರದಿಂದಲೇ ಜಾತಿ ಗುರುತಿಸಬೇಕು. ಕೈಗೆ ಕಸುಬು, ಕಣ್ಣಿಗೆ ತಾಳ್ಮೆ, ಎರಡೂ ಬೇಕಾದ ವಿದ್ಯೆ.

ಅವರು ತಲುಪಿದ ನಿರ್ಣಯ ಸ್ಪಷ್ಟವಾಗಿತ್ತು: ರಾಜಮಂಡ್ರಿಯ ಅಂತರ್‌ಪದರ ಕ್ರಿಟೇಶಿಯಸ್ ಮುಗಿದ ಮೇಲಿನದು, ಟರ್ಷಿಯರಿಯ ಆರಂಭದ್ದು. ಆಗ ಅದನ್ನು ಈಯೊಸೀನ್ ಎಂದು ಕರೆದರು. ಟರ್ಷಿಯರಿಯ ಮೊದಲ ಭಾಗವನ್ನು ಪೇಲಿಯೊಸೀನ್ ಎಂದು ಬೇರೆ ಮಾಡುವ ರೂಢಿ ಆಗ ಎಲ್ಲ ಕಡೆಯೂ ನೆಲೆಗೊಂಡಿರಲಿಲ್ಲ. ಇವತ್ತಿನ ಲೆಕ್ಕದಲ್ಲಿ ಆ ಪದರ ಪೇಲಿಯೊಸೀನಿನ ಹೊಸ್ತಿಲಲ್ಲೇ ಇದೆ. ಅರೆದ ಕಲ್ಲು ಮತ್ತು ಬರಿಯ ಸೂಕ್ಷ್ಮದರ್ಶಕ ಇಟ್ಟುಕೊಂಡು ಅವರು ಗಡಿಯ ಸರಿಯಾದ ಮಗ್ಗುಲನ್ನು ಮುಟ್ಟಿದ್ದರು ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇನ್ನು ಗುಂಬೆಲಿಟ್ರಿಯಾ. ಇದು ಫೊರಾಮಿನಿಫೆರಗಳ ಒಂದು ಕುಲ. ಒಂದೇ ಜೀವಕೋಶದ ದೇಹ, ಅದರ ಸುತ್ತ ಸುಣ್ಣದ ಚಿಪ್ಪು. ಬೆಳೆದಂತೆ ಒಂದೊಂದೇ ಹೊಸ ಕೋಣೆ ಕಟ್ಟಿಕೊಳ್ಳುತ್ತದೆ. ಪ್ರತಿ ಸುತ್ತಿನಲ್ಲಿ ಮೂರು ಕೋಣೆಯಂತೆ ಮೇಲಿಂದ ಕೆಳಕ್ಕೆ ಹೆಣೆದು, ನೋಡಲು ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗಿರುತ್ತದೆ. ಬಹುಪಾಲು ಚಿಪ್ಪುಗಳ ಉದ್ದ 0.15 ಮಿಲಿಮೀಟರ್ ಕೂಡ ಮುಟ್ಟುವುದಿಲ್ಲ. ಈ ಕುಲವನ್ನು ಹೆಸರಿಸಿದವರು ಅಮೆರಿಕದ ಜೋಸೆಫ್ ಕುಶ್ಮನ್, 1933ರಲ್ಲಿ. ಹೆಸರಿನ ಮೂಲದಲ್ಲಿರುವುದು ಬವೇರಿಯಾದ ಭೂವಿಜ್ಞಾನಿ ಗುಂಬೆಲ್. ಅಂದರೆ ಬೆಂಗಳೂರಿನವರು ರಾಜಮಂಡ್ರಿಯ ಕಲ್ಲು ಅರೆಯಲು ಶುರುಮಾಡಿದ ಹೊತ್ತಿಗೆ ಈ ಕುಲಕ್ಕೆ ನಾಮಕರಣವಾಗಿ ಹೆಚ್ಚು ಕಾಲವೇನೂ ಕಳೆದಿರಲಿಲ್ಲ. ಆಮೇಲೂ ಎಷ್ಟೋ ದಶಕ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಕಾರಣ ಸರಳ. ಮೆತ್ತನೆಯ ಕಲ್ಲನ್ನು ನೀರಿನಲ್ಲಿ ನೆನೆಸಿ ಜರಡಿ ಹಿಡಿಯುವಾಗ ಬಳಸುತ್ತಿದ್ದ ಜರಡಿಯ ಕಣ್ಣು ದೊಡ್ಡದು. ಗುಂಬೆಲಿಟ್ರಿಯಾ ನೀರಿನ ಜೊತೆ ಸೋರಿ ಮೋರಿ ಸೇರುತ್ತಿತ್ತು. ಜರಡಿಯ ಕಣ್ಣನ್ನು 0.063 ಮಿಲಿಮೀಟರಿಗೆ, ಆಮೇಲೆ 0.038ಕ್ಕೆ ಇಳಿಸಿದ ಮೇಲೆ ಚಿತ್ರವೇ ಬದಲಾಯಿತು.

ನಡುವೆ ಹೊರಗಿನ ಲೋಕದಲ್ಲಿ ಆದದ್ದನ್ನು ಬೇಗ ಹೇಳಿಬಿಡುತ್ತೇನೆ, ಅದು ಬಹಳ ಕಡೆ ಬಂದ ಕತೆ. ಇಟಲಿಯ ಗುಬ್ಬಿಯೊ ಊರಿನ ಸುಣ್ಣಕಲ್ಲಿನಲ್ಲಿ, ದೊಡ್ಡ ಸುಂದರ ಚಿಪ್ಪುಗಳು ಇದ್ದಕ್ಕಿದ್ದಂತೆ ನಿಂತುಹೋಗಿ ಮೇಲಿನ ಪದರದಲ್ಲಿ ಚಿಕ್ಕ ಚಿಕ್ಕ ಹೊಸ ಚಿಪ್ಪುಗಳಷ್ಟೇ ಉಳಿಯುವುದನ್ನು ಇಸಬೆಲ್ಲಾ ಪ್ರೆಮೋಲಿ ಸಿಲ್ವಾ ಮತ್ತು ಹಾನ್ಸ್‌ಪೀಟರ್ ಲೂಟರ್‌ಬಾಕರ್ 1960ರ ದಶಕದಲ್ಲಿ ತೋರಿಸಿದರು. ಅದೇ ಗಡಿಯ ಜೇಡಿಮಣ್ಣಿನಲ್ಲಿ ಇರಿಡಿಯಂ ವಿಪರೀತ ಇದೆ, ಅದು ಕ್ಷುದ್ರಗ್ರಹ ಬಡಿದದ್ದರ ಗುರುತು, ಡೈನೋಸಾರುಗಳು ಅಳಿದದ್ದು ಅದರಿಂದಲೇ ಎಂದು 1980ರಲ್ಲಿ ಆಲ್ವಾರೆಜ್ ತಂದೆ ಮಗ ಮತ್ತು ಸಂಗಡಿಗರು ಹೇಳಿದರು. ಬಡಿದ ಜಾಗ ಮೆಕ್ಸಿಕೊದ ಚಿಕ್ಸುಲುಬ್ ಎಂದು 1991ರಲ್ಲಿ ಗೊತ್ತಾಯಿತು. ಈ ಗದ್ದಲದಲ್ಲಿ ದಖನ್ ಲಾವಾ ಹಿಂದಕ್ಕೆ ಸರಿಯಿತು. ಫ್ರಾನ್ಸಿನ ವಿನ್ಸೆಂಟ್ ಕೂರ್ತಿಯೊ, ಅಮೆರಿಕದ ಡ್ಯೂಯಿ ಮೆಕ್‌ಲೀನ್ ಮೊದಲಾದವರು ಭಾರತದ ಲಾವಾವನ್ನು ಮರೆಯಬೇಡಿ ಎನ್ನುತ್ತಲೇ ಇದ್ದರು.

ಈಗ 6.6 ಕೋಟಿ ವರ್ಷಗಳ ಹಿಂದಿನ ಆ ಕಾಲಕ್ಕೆ ಹೋಗೋಣ. ಭಾರತ ಆಗ ಸಮಭಾಜಕದ ದಕ್ಷಿಣಕ್ಕಿದ್ದ ದೊಡ್ಡ ದ್ವೀಪ, ಉತ್ತರಕ್ಕೆ ಸಾಗುತ್ತಿತ್ತು. ಪಶ್ಚಿಮ ಭಾಗದ ಬಿರುಕುಗಳಿಂದ ಲಾವಾ ಉಕ್ಕುತ್ತಿತ್ತು. ಒಂದು ಹರಿವು ಬಂದು ನಿಂತ ಮೇಲೆ ಬಿಡುವು. ಆ ಬಿಡುವಿನಲ್ಲಿ ಲಾವಾದ ತಗ್ಗುಗಳಲ್ಲಿ ಮಳೆನೀರು ನಿಂತು ಕೆರೆಗಳಾಗುತ್ತಿದ್ದವು. ನಮ್ಮ ಗುರುಮಠಕಲ್ ಸುತ್ತಮುತ್ತ ಅಂಥ ಕೆರೆಗಳಿದ್ದವು. ಅವುಗಳ ಕೆಸರಿನಲ್ಲಿ ಬದುಕಿದ್ದ ಆಸ್ಟ್ರಕಾಡ್‌ಗಳನ್ನು, ಎರಡು ಕವಚದೊಳಗೆ ಅಡಗುವ ಸಿಹಿನೀರಿನ ಸಣ್ಣ ಪ್ರಾಣಿಗಳನ್ನು, ರಾಬಿನ್ ವಾಟ್ಲಿ, ಸುನಿಲ್ ಬಾಜಪೇಯಿ ಮತ್ತು ಎಸ್. ಶ್ರೀನಿವಾಸನ್ 2002ರಲ್ಲಿ ವಿವರಿಸಿದರು. ಅವು ಕ್ರಿಟೇಶಿಯಸ್ ಯುಗದ ಕೊನೆಯವು. ಕರ್ನಾಟಕದ ನೆಲದೊಳಗೇ ಇರುವ ಈ ದಾಖಲೆ ಬಹಳ ಬೆಲೆಯುಳ್ಳದ್ದು. ಕೆರೆಯ ಜೀವಿಗಳಾದ್ದರಿಂದ ಅವು ಲೋಕದ ಕಾಲಗಣನೆಗೆ ನೇರವಾಗಿ ಕೂಡಿಕೊಳ್ಳುವುದಿಲ್ಲ. ಕೂಡಿಸುವ ಕೊಂಡಿ ಕಡಲಂಚಿನಲ್ಲೇ ಸಿಗಬೇಕು.

ಪಶ್ಚಿಮ ಘಟ್ಟಗಳ ಕಡೆ ಉಕ್ಕಿದ ಲಾವಾದ ಕೆಲವು ಹರಿವುಗಳು ನದಿಕಣಿವೆ ಹಿಡಿದು ಸುಮಾರು 1000 ಕಿಲೋಮೀಟರ್ ಸಾಗಿ ರಾಜಮಂಡ್ರಿಯ ಬಳಿ ಪೂರ್ವದ ಕಡಲಿಗೆ ಇಳಿದವು. ಭೂಮಿಯ ಮೇಲೆ ಗೊತ್ತಿರುವ ಅತಿ ಉದ್ದದ ಲಾವಾ ಹರಿವುಗಳು ಇವೇ ಇರಬೇಕು ಎನ್ನುತ್ತಾರೆ. ಜೊತೆಗೆ ಗಂಧಕದ ಆವಿ, ಇಂಗಾಲದ ಡೈಆಕ್ಸೈಡ್, ಆಮ್ಲದ ಮಳೆ. ಕಡಲ ಮೇಲ್ಪದರದ ದೊಡ್ಡ ಚಿಪ್ಪಿನ ಜೀವಿಗಳು, ಗ್ಲೋಬೊಟ್ರಂಕಾನಾದಂಥವು, ಬೆಚ್ಚನೆಯ ನಿರ್ಮಲ ನೀರಿಗೆ ಒಗ್ಗಿದವು. ಅವು ಸೊರಗಿದವು, ಕುಗ್ಗಿದವು, ಕಣ್ಮರೆಯಾದವು. ಗುಂಬೆಲಿಟ್ರಿಯಾ ಆ ತನಕ ಕರಾವಳಿಯ ಕಲಕು ನೀರಿನಲ್ಲಿ ಹೇಗೋ ಬದುಕಿಕೊಂಡಿದ್ದದ್ದು. ಒಳ್ಳೆಯ ಕಾಲದಲ್ಲಿ ತೆರೆದ ಸಮುದ್ರದಲ್ಲಿ ಅದರ ಸಂಖ್ಯೆ ತೀರಾ ಕಡಿಮೆ. ನೀರು ಕೆಟ್ಟು, ಉಳಿದವರು ಸತ್ತು, ಪೋಷಕಾಂಶ ಮಿಕ್ಕಾಗ ಅದು ಬೇಗ ಬೇಗ ಮರಿ ಹಾಕಿ ಇಡೀ ಜಾಗವನ್ನು ತುಂಬಿಕೊಳ್ಳುತ್ತಿತ್ತು. ಮೇಘಾಲಯದ ಉಮ್ ಸೊಹ್ರಿಂಗ್‌ಕ್ಯೂ ನದಿಯ ದಂಡೆಯ ಪದರಗಳಲ್ಲಿ, ಇರಿಡಿಯಂ ಗಡಿಗಿಂತ ಕೆಳಗೇ, ತೇಲುವ ಫೊರಾಮಿನಿಫೆರಗಳಲ್ಲಿ ಶೇಕಡಾ 95ಕ್ಕೂ ಹೆಚ್ಚು ಪಾಲು ಗುಂಬೆಲಿಟ್ರಿಯಾದ್ದೇ ಎಂದು 2011ರ ಅಧ್ಯಯನವೊಂದು ತೋರಿಸಿತು. ಅಂದರೆ ಗಡಿಯ ದಿನ ಬರುವ ಮೊದಲೇ ಅಲ್ಲಿನ ಕಡಲು ಕೆಟ್ಟಿತ್ತು.

ಪ್ರಿನ್ಸ್‌ಟನ್ನಿನ ಗೆರ್ಟಾ ಕೆಲ್ಲರ್, ಸ್ವಿಟ್ಜರ್ಲೆಂಡಿನ ಥಿಯರಿ ಅದಾಟ್, ರೂರ್ಕಿಯ ಸುನಿಲ್ ಬಾಜಪೇಯಿ ಮತ್ತಿತರರು ರಾಜಮಂಡ್ರಿಯ ಕ್ವಾರಿಗಳನ್ನು ಮತ್ತೆ ನೋಡಿ 2008ರಲ್ಲಿ ಪ್ರಕಟಿಸಿದರು. ನಾರಾಯಣರಾವ್, ಶ್ರೀಪಾದರಾವ್ ಬರೆದಿದ್ದ ಅದೇ ಅಂತರ್‌ಪದರ. ಕೆಳಗಿನ ಲಾವಾ ಮತ್ತು ಮೇಲಿನ ಲಾವಾದ ನಡುವೆ ಅವರಿಗೆ ಸಿಕ್ಕಿದ್ದು ಪೇಲಿಯೊಸೀನಿನ ಮೊದಮೊದಲ ತೇಲುಜೀವಿಗಳು, ಸಾಮೂಹಿಕ ಅಳಿವಾದ ಸ್ವಲ್ಪ ಕಾಲಕ್ಕೆ ಹುಟ್ಟಿದ ಪುಟ್ಟ ಚಿಪ್ಪುಗಳು. ಹಾಗಾದರೆ ಕೆಳಗಿನ ಲಾವಾ ಹರಿದದ್ದು ಅಳಿವಿನ ಆಸುಪಾಸಿನಲ್ಲೇ. ಆಮೇಲೆ ಒಎನ್‌ಜಿಸಿ ತೈಲಕ್ಕಾಗಿ ಕೃಷ್ಣಾ–ಗೋದಾವರಿ ಬಯಲಿನಲ್ಲಿ ಕೊರೆದ ಆಳದ ಬಾವಿಗಳ ಕಲ್ಲನ್ನೂ ನೋಡಿದರು. ಅಲ್ಲಿ ಕೆಳಗಿನ ಲಾವಾ ಒಂದಲ್ಲ, ನಾಲ್ಕು ಮಹಾ ಹರಿವುಗಳು, ನಡುವೆ ಕೆಸರಿನ ಪದರಗಳು. ಮೊದಲ ಹರಿವಿಗೆ ಮುನ್ನವೇ ಅರ್ಧದಷ್ಟು ಜಾತಿಗಳು ಹೋಗಿದ್ದವು. ಅದು ಬಂದ ಮೇಲೆ ಉಳಿದವುಗಳಲ್ಲೂ ಅರ್ಧ ಹೋಗಿ ಏಳೆಂಟು ಜಾತಿ ಮಿಕ್ಕಿದವು. ಮುಂದಿನ ಹರಿವುಗಳ ನಡುವೆ ಚೇತರಿಕೆಯೇ ಇಲ್ಲ. ಈ ಅಧ್ಯಯನ 2011ರಲ್ಲಿ ಪ್ರಕಟವಾದದ್ದು ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ. ಆ ಸಂಘ 1958ರಲ್ಲಿ ಹುಟ್ಟಿದಾಗ ಮುಂದೆ ನಿಂತವರಲ್ಲಿ ಎಲ್. ರಾಮರಾಯರು ಒಬ್ಬರು, ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅವರ ನಂತರ ಅದನ್ನು ಬಹುಕಾಲ ಸಾಕಿ ಬೆಳೆಸಿದವರು ಬಿ.ಪಿ. ರಾಧಾಕೃಷ್ಣ. ತಾವು ಎತ್ತಿದ ಪ್ರಶ್ನೆಗೆ ತಮ್ಮ ಪತ್ರಿಕೆಯಲ್ಲೇ ಇಂಥ ಉತ್ತರ ಅಚ್ಚಾಗುವುದನ್ನು ನೋಡಲು ರಾಮರಾಯರು ಇರಲಿಲ್ಲ.

ಇಷ್ಟಕ್ಕೆ ವಾದ ಮುಗಿದಿಲ್ಲ. 2010ರಲ್ಲಿ 41 ಮಂದಿ ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ಒಟ್ಟಾಗಿ ಬರೆದು, ಅಳಿವಿಗೆ ಚಿಕ್ಸುಲುಬ್ ಬಡಿತವೇ ಕಾರಣ ಎಂದರು. 2019ರಲ್ಲಿ ಅದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ದಖನ್ ಲಾವಾದ ಕಾಲವನ್ನು ಎರಡು ಬಗೆಯಲ್ಲಿ ಅಳೆದು ತೋರಿಸಿದವು. ಒಂದು ತಂಡದ ಪ್ರಕಾರ ಬಡಿತಕ್ಕೆ ಕೆಲವು ಹತ್ತು ಸಾವಿರ ವರ್ಷ ಮುಂಚೆ ಲಾವಾದ ಒಂದು ದೊಡ್ಡ ಅಲೆ. ಇನ್ನೊಂದರ ಪ್ರಕಾರ ಲಾವಾದ ಮುಕ್ಕಾಲು ಪಾಲು ಉಕ್ಕಿದ್ದು ಬಡಿತದ ನಂತರ. ನನ್ನ ತೀರ್ಮಾನ ಹೀಗಿದೆ: ಗಡಿಯ ಮೇಲೆ ಲೋಕದ ತುಂಬ ಬಿದ್ದ ಇರಿಡಿಯಂ ಮತ್ತು ಒಡೆದ ಸ್ಫಟಿಕದ ಕಣಗಳನ್ನು ಅಲ್ಲಗಳೆಯಲಾಗದು, ಕೊನೆಯ ಹೊಡೆತ ಆಕಾಶದಿಂದಲೇ ಬಿತ್ತು. ಆದರೆ ಭಾರತದ ಅಂಚಿನ ಕಡಲುಗಳು ಅದಕ್ಕೂ ಮೊದಲೇ ಕಾಯಿಲೆ ಬಿದ್ದಿದ್ದವು. ಗುಂಬೆಲಿಟ್ರಿಯಾದ ಸಂಖ್ಯೆ ಆ ಕಾಯಿಲೆಯ ದಾಖಲೆ. ಚಿಕ್ಸುಲುಬ್ ಪಕ್ಷದವರು ಅದಕ್ಕೆ ಸಮಾಧಾನದ ಉತ್ತರ ಕೊಡಬೇಕಾಗಿದೆ.

ಅಳಿವನ್ನು ದಾಟಿ ನಿಸ್ಸಂಶಯವಾಗಿ ಉಳಿದ ತೇಲುಜೀವಿಗಳು ಬೆರಳೆಣಿಕೆಯಷ್ಟು. ಗುಂಬೆಲಿಟ್ರಿಯಾ ಕ್ರೆಟೇಸಿಯಾ ಅವುಗಳಲ್ಲಿ ಎಲ್ಲರೂ ಒಪ್ಪುವ ಹೆಸರು. ಬರಿದಾದ ಕಡಲಿನಲ್ಲಿ ಅದು ಕೆಲಕಾಲ ಮೆರೆಯಿತು. ಅದರಿಂದ ಕವಲೊಡೆದು ಎರಡು ಸಾಲು ಕೋಣೆಗಳ ವುಡ್ರಿಂಜಿನಾದಂಥ ಹೊಸ ಕುಲಗಳು ಬಂದವು. ನೀರು ತಿಳಿಯಾದಂತೆ ಬೇರೆ ಜೀವಿಗಳು ಹೆಚ್ಚಿದವು, ಗುಂಬೆಲಿಟ್ರಿಯಾ ಮತ್ತೆ ಮೂಲೆ ಸೇರಿ ಪೇಲಿಯೊಸೀನಿನಲ್ಲೇ ದಾಖಲೆಯಿಂದ ಮರೆಯಾಯಿತು. ಇವತ್ತಿನ ಕಡಲುಗಳಲ್ಲೂ ಮೂರು ಸಾಲು ಕೋಣೆಗಳ, ಅದರಂತೆಯೇ ಕಾಣುವ ಗ್ಯಾಲಿಟೆಲಿಯಾ ಎಂಬ ಸಣ್ಣ ಜೀವಿ ಕರಾವಳಿಯ ಸಮೃದ್ಧ ನೀರಿನಲ್ಲಿ ತೇಲುತ್ತದೆ. ಬಹುಕಾಲ ಇದನ್ನು ಗುಂಬೆಲಿಟ್ರಿಯಾದ ವಂಶದ್ದು ಎಂದೇ ನಂಬಿದ್ದರು. 2008ರಲ್ಲಿ ಜಪಾನಿನ ಯುರಿಕಾ ಉಜಿಯೆ ಮತ್ತು ಸಂಗಡಿಗರು ಅದರ ಡಿಎನ್ಎ ಓದಿದಾಗ ಬೇರೆಯೇ ಕತೆ ಹೊರಬಂತು. ಗ್ಯಾಲಿಟೆಲಿಯಾ ಕಡಲ ತಳದಲ್ಲಿ ಬದುಕುವ ಫೊರಾಮಿನಿಫೆರಗಳಿಂದ, ಡೈನೋಸಾರುಗಳು ಅಳಿದು ಎಷ್ಟೋ ಕೋಟಿ ವರ್ಷಗಳ ಮೇಲೆ, ಬೇರೆಯಾಗಿ ಎದ್ದು ಬಂದದ್ದು. ಗುಂಬೆಲಿಟ್ರಿಯಾ ತಾನೂ ಹಿಂದೊಮ್ಮೆ ತಳದಿಂದ ಹಾಗೆಯೇ ಮೇಲಕ್ಕೆ ಬಂದಿತ್ತೇ ಎಂಬುದು ಈಗ ಸೂಕ್ಷ್ಮ ಪಳೆಯುಳಿಕೆಗಳನ್ನು ಓದುವವರ ಮುಂದಿರುವ ಪ್ರಶ್ನೆ.